ಹನ್ನೆರಡೂಕಾಲರ ಊಟ ಮತ್ತು ಏಳು ಜೊತೆ ಚಪ್ಪಲಿ

ಕೆಲಸಕ್ಕೆ ಕೈ ಹಾಕುವ ಮೊದಲು ಯೋಚಿಸಬೇಕು ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಹೊತ್ತಿನವರೆಗೆ ಯೋಚಿಸಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ. ನಾನು ಹನ್ನೆರಡೂಕಾಲರವರೆಗೆ ಯೋಚಿಸುತ್ತೇನೆ. ಹನ್ನೆರಡೂಕಾಲಕ್ಕೆ ನನ್ನ ಊಟ. ಇದು ಎಷ್ಟೋ ವರ್ಷಗಳಿಂದ ನಡೆದು ಬಂದ ಏರ್ಪಾಡು, ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಹೋದ ಸಂಕ್ರಾಂತಿಗೆ ಆಯಿತು. ಏಳು ಜನರಿಗೆ ಒಟ್ಟಿಗೇ ಆಯಿತು. ಆ ಕಥೆಯನ್ನು ಬೇರೆಯವರ ಬಾಯಿಂದ ನೀವು ಕೇಳುವ ಮೊದಲು ನಾನೇ ಹೇಳಿಬಿಡುವುದು ಒಳ್ಳೆಯದು ಎಂದು ಕುಳಿತಿದ್ದೇನೆ. ಇದೂ ಒಂದು ಮುಂದಾಲೋಚನೆಯೇ.

ನನ್ನ ಈ ಸ್ವಭಾವಕ್ಕೆ ಕಾರಣ ನಾನು ಮಾಡಿದ ಕೆಲಸ. ದಾಂಡೇಲಿಯಲ್ಲಿ ಕಾಗದದ ಯಂತ್ರದ ಮುಂದೆ ಮೂವತ್ತೈದು ವರ್ಷ ನಿಂತು ನಿವೃತ್ತನಾದವನು ನಾನು. ಕೆಲಸಕ್ಕೆ ಸೇರಿದ ಮೊದಲ ದಿನ ಯಂತ್ರದ ಗುಂಡಿ ಒತ್ತಲು ಕೈ ಚಾಚಿದ್ದೆ. ನಮ್ಮ ಹಿರಿಯ ಮೇಸ್ತ್ರಿ ಆ ಕೈಯನ್ನು ಗಾಳಿಯಲ್ಲೇ ಹಿಡಿದರು. "ಎಲ್ಲೆ ಹೊಂಟಿ? ಮದ್ಲ ಒಂದ ಸುತ್ತ ಹಾಕಿ ಬಾ" ಎಂದರು. ಏನು ನೋಡಬೇಕು ಎಂದು ಕೇಳಿದೆ. "ಅದು ಗೊತ್ತಿದ್ರ ನಾನ ಹೇಳತಿದ್ದಿಲ್ಲೇನು? ನೋಡಿ ಬಾ" ಎಂದರು. ಸಿಟ್ಟಿನಿಂದಲೇ ಆ ಉದ್ದನೆಯ ಯಂತ್ರವನ್ನು ಸುತ್ತಿ ಬಂದೆ. ಏನೂ ಇರಲಿಲ್ಲ. ಎರಡನೆಯ ದಿನವೂ ಇರಲಿಲ್ಲ. ಹೀಗೇ ಎಷ್ಟೋ ತಿಂಗಳಾದ ಮೇಲೆ ಒಂದು ಚಳಿಗಾಲದ ಬೆಳಿಗ್ಗೆ, ಉರುಳೆಗಳ ಹಿಂದೆ ಬೆಚ್ಚನೆಯ ಮೂಲೆಯಲ್ಲಿ ಬೆಕ್ಕೊಂದು ನಾಲ್ಕು ಮರಿ ಹಾಕಿಕೊಂಡು ಮಲಗಿತ್ತು. ಮೇಸ್ತ್ರಿ ತಮ್ಮ ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮರಿಗಳನ್ನು ಅದರಲ್ಲಿ ಎತ್ತಿಕೊಂಡು ಹೊರಗೆ ಹೋದರು. ಆ ದಿನದಿಂದ ನಾನು ಸುತ್ತು ಹಾಕದೆ ಯಾವ ಗುಂಡಿಯನ್ನೂ ಒತ್ತಲಿಲ್ಲ.

ತೊಂದರೆ ಏನೆಂದರೆ, ನಾನು ಆ ಸುತ್ತನ್ನು ಮನೆಗೂ ತಂದೆ. ಒಲೆ ಹಚ್ಚಿ ಚಹಾಪುಡಿ ಹುಡುಕುವವರನ್ನು, ಗಾಡಿಯನ್ನು ರಸ್ತೆಗೆ ಇಳಿಸಿ ಕೀಲಿಕೈಗಾಗಿ ಒಳಗೆ ಓಡುವವರನ್ನು ಕಂಡರೆ ನನಗೆ ಕನಿಕರವಾಗುತ್ತದೆ. ನಾನು ಪೇಟೆಗೆ ಹೊರಟರೆ ಚೀಲ, ಸಾಮಾನು ಬರೆದ ಯಾದಿ, ಛತ್ರಿ ಹಿಂದಿನ ಸಂಜೆಯೇ ಬಾಗಿಲ ಬಳಿ ನಿಂತಿರುತ್ತವೆ. ಕ್ಷೌರಕ್ಕೆ ಹೋಗುವ ಮೊದಲು ಅಂಗಡಿಯ ಮುಂದೆ ಒಮ್ಮೆ ನಡೆದು ಹೋಗಿ, ಒಳಗೆ ಎಷ್ಟು ತಲೆಗಳಿವೆ ಎಂದು ನೋಡಿ ಬರುತ್ತೇನೆ. ನನ್ನ ಹೆಂಡತಿ ಪಾರ್ವತಿ ಮಾತ್ರ ಇದನ್ನೆಲ್ಲ ಮೆಚ್ಚಿದವಳಲ್ಲ. ಅದಕ್ಕೆ ಹಳೆಯ ಕಾರಣವಿದೆ. ಹಳಿಯಾಳದಲ್ಲಿ ನಮ್ಮ ಮದುವೆ ನಡೆದಾಗ ಮುಹೂರ್ತಕ್ಕೆ ಐದು ನಿಮಿಷವಿರುವಾಗ ವರ ಕಾಣೆಯಾಗಿದ್ದ. ಹುಡುಗ ಓಡಿಹೋದ ಎಂದು ನನ್ನ ಅತ್ತೆ ಅಳತೊಡಗಿದ್ದರಂತೆ. ನಾನು ಬಾಸಿಂಗ ಕಟ್ಟಿಕೊಂಡೇ ಚಪ್ಪರದ ಕಂಬಗಳನ್ನು ಒಂದೊಂದಾಗಿ ಅಲುಗಾಡಿಸುತ್ತಾ ಸುತ್ತು ಹಾಕುತ್ತಿದ್ದೆ. ಏಳನೆಯ ಕಂಬ ಸಡಿಲವಾಗಿತ್ತು. ಅದನ್ನು ಇಂದಿಗೂ ಯಾರೂ ನೆನೆಯುವುದಿಲ್ಲ. ವರ ಕಾಣೆಯಾಗಿದ್ದನ್ನು ಮಾತ್ರ ನೆನೆಯುತ್ತಾರೆ.

ಈಗ ಸಂಕ್ರಾಂತಿಯ ಸಂಗತಿ. ನಮ್ಮ ಮಗಳು ಗೌರಿ ಮುಂಡಗೋಡದಲ್ಲಿ ಪ್ರೌಢಶಾಲೆಯ ಶಿಕ್ಷಕಿ. ಅಲ್ಲಿಯೇ ದನಗಳ ವೈದ್ಯನಾಗಿರುವ ಬಸವರಾಜ ಎಂಬ ಸನವಳ್ಳಿಯ ಹುಡುಗನನ್ನು ಮೆಚ್ಚಿದ್ದಳು. ಒಳ್ಳೆಯ ಒಕ್ಕಲು ಮನೆತನ. ಹುಡುಗನ ತಂದೆ ಇಲ್ಲ, ಹೊಲ ದನ ಎಲ್ಲವನ್ನೂ ತಾಯಿ ಶಾಂತವ್ವನವರೇ ನಡೆಸುತ್ತಾರೆ. ದೀಪಾವಳಿಯ ನಂತರ ಅವರು ನಮ್ಮ ಮನೆ ನೋಡಲು ಬಂದರು. ದೂರದಿಂದ ಬಂದವರು, ಮರಳಿ ಹೋಗಲು ತೊಂದರೆಯಾಗಬಾರದೆಂದು ನಾನು ಮೊದಲೇ ಬಸ್‌ನಿಲ್ದಾಣಕ್ಕೆ ಹೋಗಿ ವಿಚಾರಿಸಿಕೊಂಡು ಬಂದಿದ್ದೆ. ಅವರು ಬಾಗಿಲಲ್ಲಿ ಕಾಲು ತೊಳೆದುಕೊಳ್ಳುತ್ತಿರುವಾಗಲೇ, "ಬರ್ರಿ, ಬರ್ರಿ. ಐದಕ್ಕ ಹಳಿಯಾಳ ಬಸ್ ಐತಿ ನಿಮಗ. ಅಲ್ಲಿಂದ ಮುಂದ ತಡಾ ಇಲ್ಲ" ಎಂದೆ. ಶಾಂತವ್ವ ತಂಬಿಗೆಯನ್ನು ಕೆಳಗಿಟ್ಟು ನನ್ನನ್ನು ಒಂದು ಕ್ಷಣ ನೋಡಿದರು. ನಾಲ್ಕು ಹತ್ತಕ್ಕೆ ಚಹಾ ಬಂತು. ನಾಲ್ಕೂಕಾಲಕ್ಕೆ ನಾನು ಗಡಿಯಾರ ನೋಡಿದೆನಂತೆ. ಅವರು ಅರ್ಧ ಚಹಾ ಬಿಟ್ಟು ಎದ್ದರು. ಒಂದು ವಾರದ ಮೇಲೆ ಸನವಳ್ಳಿಯಿಂದ ಮಾತು ಬಂತು. ಹುಡುಗಿ ಬಂಗಾರದಂಥವಳು, ಆದರೆ ಆ ಮನೆಯಲ್ಲಿ ಉಸಿರು ಬಿಡುವುದಕ್ಕೂ ವೇಳೆ ಗೊತ್ತು ಮಾಡಿದಂತೆ ಕಾಣುತ್ತದೆ, ನಮ್ಮಂಥವರಿಗೆ ಸರಿಹೋದೀತೋ ಇಲ್ಲವೋ, ಸ್ವಲ್ಪ ವಿಚಾರ ಮಾಡುತ್ತೇವೆ, ಎಂದು.

ಗೌರಿ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಅದೇ ನನಗೆ ಕಷ್ಟವಾಯಿತು. ರಜೆಗೆ ಬಂದವಳು ನಾನು ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು, ಊಟದ ಹೊತ್ತಿಗೆ ಸರಿಯಾಗಿ ತಾಟು ಹಾಕಿ, ಕಿಟಕಿಯ ಬಳಿ ಹೋಗಿ ಕುಳಿತುಬಿಡುತ್ತಿದ್ದಳು. ಕೊನೆಗೆ ದಾರಿ ಹುಡುಕಿದವಳು ಪಾರ್ವತಿ. "ಸಂಕ್ರಮಣಕ್ಕ ಅವರನ್ನ ಹೊಳೀ ಊಟಕ್ಕ ಕರಿಯೂಣು. ನಾಕ ಗ್ವಾಡಿ ಒಳಗ ಕುಂತ್ರ ನೀವು ಗಡಿಯಾರ ನೋಡ್ತೀರಿ. ಹೊಳಿಗೆ ಗಡಿಯಾರ ಇರಂಗಿಲ್ಲ" ಎಂದಳು. ನಮ್ಮ ಕಡೆ ಸಂಕ್ರಾಂತಿಗೆ ಬುತ್ತಿ ಕಟ್ಟಿಕೊಂಡು ಹೊಳೆಯ ದಂಡೆಗೆ ಹೋಗಿ ಉಣ್ಣುವುದು ಹಳೆಯ ರೂಢಿ. ಶಾಂತವ್ವ ಒಪ್ಪಿದರು. ಗೌರಿ ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, "ಅಪ್ಪಾ, ಇದೊಂದ ಸಲ ಯಾದಿ ಮಾಡಬ್ಯಾಡ" ಎಂದಳು. ಇಲ್ಲ ಎಂದು ಮಾತು ಕೊಟ್ಟೆ. ಬಚ್ಚಲಮನೆಯಲ್ಲಿ ಕುಳಿತು ಬರೆದೆ. ಮೂವತ್ತೊಂದು ಅಂಶಗಳಾದವು.

ಜಾಗವನ್ನು ಆರಿಸಿದ ರೀತಿ ಹೇಳಿದರೆ ನೀವೂ ತಲೆದೂಗುತ್ತೀರಿ. ಊರ ಹತ್ತಿರ ಕೋಗಿಲಬನದ ಕಡೆ ಕಾಳಿ ಹೊಳೆಯ ನೀರು ನಿಧಾನ, ಆದರೆ ಅಲ್ಲಿ ಮೊಸಳೆಗಳಿವೆ. ಬೀಗರಾಗುವವರನ್ನು ಮೊಸಳೆಗೆ ತೋರಿಸುವುದು ಸರಿಯಲ್ಲ. ಆದ್ದರಿಂದ ಜೋಯಿಡಾ ರಸ್ತೆಯಲ್ಲಿ ಮೇಲೆ ಹೋಗಿ, ಕಲ್ಲುಗಳ ನಡುವೆ ನೀರು ಓಡುವ ಒಂದು ಕಡೆ ನೋಡಿದೆ. ದಡದಿಂದ ಹತ್ತು ಹೆಜ್ಜೆ ದೂರದಲ್ಲಿ ಒಂದು ಹಾಸುಬಂಡೆ. ನಡುವೆ ಪಾದ ಮುಳುಗುವಷ್ಟು ನೀರು. ಬಂಡೆಯ ಮೇಲೆ ಬಾಗಿದ ಮತ್ತಿ ಮರದ ನೆರಳು. ಹಬ್ಬದ ಹಿಂದಿನ ದಿನ ಹತ್ತು ಗಂಟೆಗೆ ಹೋಗಿ ಬಂಡೆಯನ್ನು ಮೊಳ ಹಾಕಿ ಅಳೆದೆ. ನೀರಿನ ಮಟ್ಟಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದು ಒಂದು ಗಂಟೆ ಕಾದೆ. ನೀರು ಕೂದಲೆಳೆಯಷ್ಟೂ ಏರಲಿಲ್ಲ. ರಸ್ತೆಯ ಬದಿಗೆ ಒಂದು ಫಲಕವಿತ್ತು, ನೀರು ಯಾವಾಗಲಾದರೂ ಏರಬಹುದು ಎಂದು. ಅದನ್ನೂ ಓದಿದೆ. ಯಾವಾಗಲಾದರೂ ಎಂಬುದಕ್ಕೆ ಯಾದಿಯಲ್ಲಿ ವೇಳೆ ಬರೆಯಲು ಬರುವುದಿಲ್ಲವಾದ್ದರಿಂದ ಬಿಟ್ಟುಬಿಟ್ಟೆ. ಹನ್ನೊಂದೂಕಾಲಕ್ಕೆ ಸ್ಕೂಟರ್ ಏರಿದೆ. ಮನೆ ಮುಟ್ಟಿ ಕೈಕಾಲು ತೊಳೆದು ತಾಟಿನ ಮುಂದೆ ಕುಳಿತಾಗ ಸರಿಯಾಗಿ ಹನ್ನೆರಡೂಕಾಲು.

ಹಬ್ಬದ ದಿನ ಸನವಳ್ಳಿಯಿಂದ ಗಾಡಿಯಲ್ಲಿ ನಾಲ್ವರು ಬಂದರು. ಶಾಂತವ್ವ, ಬಸವರಾಜ, ಶಾಂತವ್ವನವರ ತಮ್ಮ, ಆತನ ಹೆಂಡತಿ. ನಾವು ಮೂವರು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹೋಳಿಗೆ, ಮಾದಲಿ, ಗಟ್ಟಿ ಮೊಸರು. ಗಾಡಿಯಿಂದ ಇಳಿಸುವಾಗ ಒಂದು ಸುರುಳಿ ಹಗ್ಗವನ್ನು ನೋಡಿ ಪಾರ್ವತಿ, "ಹೊಳೀ ಊಟಕ್ಕ ಹಗ್ಗ ಯಾಕ್ರಿ? ರೊಟ್ಟಿ ಓಡಿ ಹೋಗ್ತಾವಂತ ಕಟ್ಟಿ ಹಾಕಾಕೇನು?" ಎಂದಳು. ಯಾದಿಯ ಗುಟ್ಟು ಹೊರಬೀಳಬಾರದೆಂದು ನಾನು ಅದನ್ನು ಬುತ್ತಿಯ ಚೀಲಕ್ಕೆ ತುರುಕಿದೆ. ದಡದಲ್ಲಿ ಬಾಬು ಎಂಬ ಗೌಳಿ ಎಮ್ಮೆ ಮೇಯಿಸುತ್ತಿದ್ದ. ಪಾರ್ವತಿ ನನ್ನ ತೋಳು ತಟ್ಟಿದಳು. "ಏನ್ರೀ, ಆ ಅಣ್ಣಗ ಒಂದ ಮಾತು ಕೇಳ್ರಿ, ಆ ಕಲ್ಲಿನ ಮ್ಯಾಲೆ ಕುಂದ್ರಬೌದೇನಂತ."

"ಅವಗೇನ ಕೇಳೂದೈತಿ? ನಿನ್ನೆ ಖುದ್ದ ಬಂದು ಅಳತಿ ಮಾಡೇನಿ" ಎಂದೆ.

ಉಣ್ಣುವ ಜಾಗಕ್ಕೆ ಚಪ್ಪಲಿ ಬರಬಾರದು. ಅದು ಯಾದಿಯ ಹನ್ನೊಂದನೆಯ ಅಂಶ. ಬಂಡೆಗೆ ಅಂಟಿಕೊಂಡಂತೆ ಒಂದು ಗೇಣು ಕೆಳಗೆ ಇನ್ನೊಂದು ಚಪ್ಪಟೆ ಕಲ್ಲಿತ್ತು. ಎಲ್ಲರ ಚಪ್ಪಲಿಗಳನ್ನೂ ಅಲ್ಲಿ ಬಿಡಿಸಿದೆ. ಅಡ್ಡಾದಿಡ್ಡಿ ಬಿಟ್ಟಿದ್ದನ್ನು ನಾನೇ ಬಗ್ಗಿ, ಏಳು ಜೊತೆಯನ್ನೂ ಒಂದೇ ಸಾಲಿಗೆ ಇಟ್ಟೆ. ಹೊರಡುವಾಗ ತಿರುಗಿಸಿಕೊಳ್ಳುವ ಗೋಜು ಬೇಡವೆಂದು ಮುಖ ದಡದ ಕಡೆಗೆ ಮಾಡಿದೆ. ಶಾಂತವ್ವ ನಿಂತು ಅದನ್ನೇ ನೋಡುತ್ತಿದ್ದರು. ಗೌರಿ ಕಣ್ಣು ಮುಚ್ಚಿಕೊಂಡಳು.

ಹನ್ನೆರಡೂಕಾಲಕ್ಕೆ ಊಟ ಶುರುವಾಯಿತು. ಯಾರಿಗೂ ಹೇಳದೆ, ಯಾರಿಗೂ ತಿಳಿಯದಂತೆ, ಸರಿಯಾಗಿ ಹನ್ನೆರಡೂಕಾಲಕ್ಕೆ. ಎರಡನೆಯ ರೊಟ್ಟಿಯ ಹೊತ್ತಿಗೆ ಶಾಂತವ್ವನವರ ತಮ್ಮ, "ನೀರು ಸನೇಕ ಬಂದಂಗ ಕಾಣತೈತಲ್ರಿ?" ಎಂದರು. "ಬಿಸಲಿಗೆ ಹಂಗ ಕಾಣತೈತ್ರಿ" ಎಂದು ಅವರಿಗೆ ಇನ್ನೊಂದು ಹೋಳಿಗೆ ಬಡಿಸಿದೆ. ಆದರೂ ಒಮ್ಮೆ ಸೀಮೆಸುಣ್ಣದ ಗೆರೆಯ ಕಡೆ ನೋಡಿದೆ. ಗೆರೆ ಇರಲಿಲ್ಲ. ಯಾರು ಅಳಿಸಿರಬಹುದು ಎಂದು ಯೋಚಿಸಿದೆ. ನಾನು ಯೋಚಿಸುತ್ತಿರುವಾಗಲೇ ದಡದಿಂದ ಬಾಬುವಿನ ಕೂಗು ಕೇಳಿತು. "ಓ ಸಾಯಬ್ರ! ಮ್ಯಾಲಿಂದ ನೀರ ಬಿಟ್ಟಾರ! ಏಳ್ರಿ, ಲಗೂ ಈ ಕಡೆ ಬರ್ರಿ!"

ಮೇಲೆ ಅಣೆಕಟ್ಟೆಯ ಬುಡದಲ್ಲಿ ವಿದ್ಯುತ್ ಯಂತ್ರ ತಿರುಗಿದರೆ ಇಲ್ಲಿ ನೀರು ಏರುತ್ತದೆ ಎಂಬುದು ಈ ಸೀಮೆಯಲ್ಲಿ ಎಮ್ಮೆಗಳಿಗೂ ಗೊತ್ತು. ಅವು ಆಗಲೇ ದಡದ ಮೇಲೆ ನಿಂತಿದ್ದವು. ನನಗೂ ಗೊತ್ತಿರಬೇಕಾಗಿತ್ತು. ಆದರೆ ಅಷ್ಟು ವರ್ಷಗಳಲ್ಲಿ ಆ ಹೊತ್ತಿಗೆ ನಾನು ಒಂದೋ ಯಂತ್ರದ ಮುಂದೆ ಇದ್ದೆ, ಇಲ್ಲವೇ ತಾಟಿನ ಮುಂದೆ. ಈಗ ಬಂಡೆಗೂ ದಡಕ್ಕೂ ನಡುವಿನ ನೀರು ಮೊಣಕಾಲಿನ ಹತ್ತಿರ ಬರುತ್ತಿತ್ತು, ಅದಕ್ಕೊಂದು ಸೆಳೆತವೂ ಬಂದಿತ್ತು. ನಾನು ಎದ್ದು ನಿಂತು ಕಿಸೆಯಿಂದ ಯಾದಿ ತೆಗೆದೆ. ಮಾತು ಕೊಟ್ಟದ್ದು, ಗುಟ್ಟು, ಎಲ್ಲ ಮರೆತೇಹೋಗಿತ್ತು. ಅದರಲ್ಲಿ ಎರಡೂಕಾಲಕ್ಕೆ ಪಾತ್ರೆ ಎಣಿಸುವುದು ಎಂದಿತ್ತು.

"ಚೀಟಿ ಆಮ್ಯಾಲೆ ಓದೀರಂತ ಅಣ್ಣಾರ! ಮದ್ಲ ಪ್ಯಾಂಟ ಮ್ಯಾಲೆತ್ತರಿ!" ಎಂದು ಶಾಂತವ್ವ ಗುಡುಗಿದರು. ಅಷ್ಟರಲ್ಲಿ ಗೌರಿ ಆ ಹಗ್ಗದ ಸುರುಳಿಯನ್ನು ಹುಡುಕಿ ಬಸವರಾಜನ ಕೈಗೆ ಕೊಟ್ಟಿದ್ದಳು. ಅವನು ಅದರ ತುದಿಯನ್ನು ದಡಕ್ಕೆ ಎಸೆದ. ಬಾಬು ಅದನ್ನು ಮತ್ತಿ ಮರಕ್ಕೆ ಎರಡು ಸುತ್ತು ಸುತ್ತಿ ಗಂಟು ಹಾಕಿದ. ಈ ಕಡೆಯ ತುದಿಯನ್ನು ಬಸವರಾಜನೂ ಅವನ ಸೋದರಮಾವನೂ ಬಿಗಿ ಹಿಡಿದರು. ಹಗ್ಗ ಹಿಡಿದು ಒಬ್ಬೊಬ್ಬರಾಗಿ ದಾಟಿದೆವು. ಶಾಂತವ್ವ ಒಂದು ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈಯಲ್ಲಿ ಗೌರಿಯ ರಟ್ಟೆ ಹಿಡಿದಿದ್ದರು. "ಕೆಳಗ ನೋಡಬ್ಯಾಡವ್ವಾ, ನನ್ನ ಮಾರಿ ನೋಡು" ಎನ್ನುತ್ತಾ ಕರೆತಂದರು. ಕೊನೆಗೆ ಉಳಿದ ಇಬ್ಬರು ಹಗ್ಗವನ್ನು ನಡುವಿಗೆ ಸುತ್ತಿಕೊಂಡು ಬಂದರು. ಎಲ್ಲರೂ ದಡ ಸೇರಿ ತಿರುಗಿ ನೋಡಿದಾಗ ಬಂಡೆಯ ಮೇಲೆ ರೊಟ್ಟಿಯ ಡಬ್ಬಿಯೊಂದೇ ಕುಳಿತಿತ್ತು. ಅದರ ಕೆಳಗಿನ ಕಲ್ಲಿನಿಂದ ಚಪ್ಪಲಿಗಳು ಎದ್ದವು.

ಒಂದರ ಹಿಂದೆ ಒಂದು ಎದ್ದವು. ನಾನು ಇಟ್ಟಿದ್ದ ಸಾಲಿನಲ್ಲೇ, ಜೊತೆ ಜೊತೆಯಾಗಿ, ಮೊದಲು ಶಾಂತವ್ವನವರದು, ಆಮೇಲೆ ತಮ್ಮನದು, ಕೊನೆಯಲ್ಲಿ ನನ್ನದು. ಶಾಲೆಯ ಮಕ್ಕಳು ಪ್ರಾರ್ಥನೆ ಮುಗಿಸಿ ತರಗತಿಗೆ ಹೋಗುವಂತೆ ಹದಿನಾಲ್ಕೂ ಹೊಳೆಯ ನಡುವಿಗೆ ಹೋಗಿ ದಾಂಡೇಲಿಯ ಕಡೆ ತಿರುಗಿಕೊಂಡವು. ನನ್ನ ಮಗಳ ಮದುವೆಯೂ ಆ ಕೊನೆಯ ಚಪ್ಪಲಿಯ ಹಿಂದೆಯೇ ತೇಲಿಹೋಯಿತು ಎಂದುಕೊಂಡೆ. ಗೌರಿಯ ಮುಖ ನೋಡುವ ಧೈರ್ಯವಾಗಲಿಲ್ಲ.

ಆಗ ಯಾರೋ ಕೆಮ್ಮಿದಂತಾಯಿತು. ನೋಡಿದರೆ ಶಾಂತವ್ವ. ಅವರು ಕೆಮ್ಮುತ್ತಿರಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಹೊಳೆಯ ಕಡೆ ಬೆರಳು ತೋರಿಸುತ್ತಿದ್ದರು. "ಸಾಲು ಬಿಟ್ಟಿಲ್ಲ ನೋಡ್ರಿ ಅವು! ಅಣ್ಣಾರ ಅಂಜಿಕಿಗೆ ಹೊಳ್ಯಾಗೂ ಸಾಲು ಬಿಟ್ಟಿಲ್ಲ!" ಎಂದು ಹೇಳಿ ನೆಲದ ಮೇಲೆ ಕುಳಿತೇಬಿಟ್ಟರು. ಅವರ ತಮ್ಮ ನಕ್ಕರು. ಬಾಬು ನಕ್ಕ. ಗೌರಿ, ಎರಡು ತಿಂಗಳಿಂದ ನಗದಿದ್ದ ಗೌರಿ, ಶಾಂತವ್ವನವರ ಹೆಗಲಿಗೆ ಹಣೆ ಹಚ್ಚಿ ನಕ್ಕಳು.

ನಗು ತಗ್ಗಿದ ಮೇಲೆ ಶಾಂತವ್ವ ಕೇಳಿದರು. "ಅಲ್ಲ ಅಣ್ಣಾರ, ನಿನ್ನೆ ಬಂದು ನೋಡೀರಂತ?"

"ಹೌದ್ರಿ. ಹತ್ತಕ್ಕ ಬಂದಿದ್ದೆ. ಹನ್ನೊಂದೂಕಾಲಕ್ಕ ಹ್ವಾದೆ."

"ಅಷ್ಟ ಲಗೂ ಯಾಕ?"

ನಾನು ಪಾರ್ವತಿಯ ಕಡೆ ನೋಡಿದೆ. ಅವಳು ಮತ್ತಿ ಮರದ ಕಡೆ ನೋಡುತ್ತಿದ್ದಳು. ಬೇರೆ ದಾರಿ ಇರಲಿಲ್ಲ. "ಹನ್ನೆರಡೂಕಾಲಕ್ಕ ನಂದು ಊಟರೀ" ಎಂದೆ. ಎರಡನೆಯ ನಗು ಮೊದಲನೆಯದಕ್ಕಿಂತ ದೊಡ್ಡದಾಗಿತ್ತು. ಬಾಬು ಎಮ್ಮೆಯೊಂದಕ್ಕೆ ಒರಗಿಕೊಂಡು, "ಈಗೀಗ ದಿನಾ ಹನ್ನೆರಡರ ಮ್ಯಾಲೆ ಬರತೈತ್ರಿ ನೀರು. ಕೇಳಿದ್ರ ಹೇಳತಿದ್ನಿ" ಎಂದ. ಪಾರ್ವತಿ ನನ್ನ ಕಡೆ ತಿರುಗಿ ನೋಡಿದಳು. ಸಂಸಾರದಲ್ಲಿ ಅದಕ್ಕಿಂತ ದೊಡ್ಡ ಮಾತು ಇಲ್ಲ.

ಗಾಡಿಯಲ್ಲಿ ಒಂದು ಬುತ್ತಿ ಉಳಿದಿತ್ತು. ಯಾದಿಯ ಇಪ್ಪತ್ತೇಳನೆಯ ಅಂಶ, ಒಂದು ಗಂಟು ಗಾಡಿಯಲ್ಲೇ ಬಿಡುವುದು. ಅದನ್ನು ಬಿಚ್ಚಿ ಬಾಬುವನ್ನೂ ಕೂರಿಸಿಕೊಂಡು ಎಂಟು ಜನ ಬರಿಗಾಲಲ್ಲಿ ಸುತ್ತ ಕುಳಿತೆವು. ಶಾಂತವ್ವ ರೊಟ್ಟಿ ಮುರಿಯುತ್ತಾ ಹೇಳಿದರು. "ನಾ ಖರೇನ ಅಂಜಿದ್ದೆ ಅಣ್ಣಾರ. ಒಂದೂ ತಪ್ಪದ ಮನಿ ಹುಡಿಗಿ ನಮ್ಮ ಮನಿಯಾಗ ಹೆಂಗ ಇದ್ದಾಳು ಅಂತ. ನಮ್ಮಲ್ಲೆ ದಿನಾ ಒಂದ ತಪ್ಪತೈತಿ. ದನ ಕಣ್ಣಿ ಹರಕೋತಾವ, ಒಣಾ ಹಾಕಿದ ಭತ್ತದ ಮ್ಯಾಲ ಮಳಿ ಬರತೈತಿ, ಹಾಲು ಉಕ್ಕತೈತಿ. ಇವತ್ತ ನಂಗ ಧೈರ್ಯ ಬಂತು. ಆದ್ರ ಆ ಹಗ್ಗ ಮಾತ್ರ ಚೊಲೋ ತಂದಿದ್ರಿ. ಯಾತಕ್ಕಂತ ತಂದಿದ್ರಿ?"

"ಗೊತ್ತಿರಲಿಲ್ಲರೀ. ಯಾತಕ್ಕರ ಬೇಕಾದೀತು ಅಂತ."

"ಅದ ಖರೇ ವಿಚಾರ" ಎಂದರು ಶಾಂತವ್ವ. "ಉಳದದ್ದು ಬರೀ ಗಡಿಯಾರ."

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮೂವತ್ತೊಂದರಲ್ಲಿ ಮೂವತ್ತು ಅಂಶಗಳಿಗೂ ನನ್ನಲ್ಲಿ ಕಾರಣವಿತ್ತು. ಕಾರಣ ಗೊತ್ತಿಲ್ಲದೆ ಬರೆದದ್ದು ಹಗ್ಗವೊಂದೇ. ಅದೇ ನಮ್ಮನ್ನು ದಡ ಮುಟ್ಟಿಸಿತು. ಮೇಸ್ತ್ರಿ ನನ್ನನ್ನು ಸುತ್ತು ಹಾಕಿಸಿದ್ದು ನನಗೆ ಗೊತ್ತಿರುವುದನ್ನು ನೋಡುವುದಕ್ಕಲ್ಲ. ಉರುಳೆಗಳ ಹಿಂದೆ ಬೆಕ್ಕು ಇದೆಯೇ ಎಂದು ಯಾವ ಯಾದಿಯಲ್ಲೂ ಇರಲಿಲ್ಲ. ಅಂಥದ್ದನ್ನು ನೋಡುವುದಕ್ಕೆ ಸುತ್ತು ಹಾಕುತ್ತಿದ್ದೆ. ವಯಸ್ಸಾದಂತೆ ಯಾವಾಗಲೋ, ನಾನೇ ಬರೆದದ್ದು ಬರೆದ ಜಾಗದಲ್ಲೇ ಇದೆಯೇ ಎಂದು ನೋಡಲು ಸುತ್ತತೊಡಗಿದ್ದೆ. ಮುಂದಾಲೋಚನೆ ಮಾಡುವವನು ಮುಂದೆ ಬರುವುದೆಲ್ಲ ತನಗೆ ಗೊತ್ತು ಎಂದುಕೊಂಡರೆ ಅಲ್ಲಿಗೆ ಆಲೋಚನೆ ಮುಗಿಯಿತು. ಗೊತ್ತಿಲ್ಲದ್ದಕ್ಕೂ ಗಾಡಿಯಲ್ಲಿ ಸ್ವಲ್ಪ ಜಾಗ ಬಿಡಬೇಕು, ಎಮ್ಮೆ ಕಾಯುವವನನ್ನು ಒಂದು ಮಾತು ಕೇಳಬೇಕು, ಒಂದು ದಿನ ಊಟ ತಡವಾದರೂ ಕುಳಿತು ನೋಡಬೇಕು. ಇಷ್ಟನ್ನು ಕಲಿಯಲು ನನಗೆ ಏಳು ಜೊತೆ ಚಪ್ಪಲಿ ಬೇಕಾದವು.

ಮದುವೆ ವೈಶಾಖಕ್ಕೆ ಗೊತ್ತಾಯಿತು, ಹಳಿಯಾಳದ ಒಂದು ಕಲ್ಯಾಣ ಮಂಟಪದಲ್ಲಿ. ಎಲ್ಲ ಏರ್ಪಾಡೂ ಅಣ್ಣಾರೇ ನೋಡಬೇಕು ಎಂದು ಶಾಂತವ್ವ ಹಟ ಹಿಡಿದರು. ಅದು ಗೌರವವೋ ತಮಾಷೆಯೋ ಇನ್ನೂ ತಿಳಿದಿಲ್ಲ. ಮೊನ್ನೆ ಮಂಟಪ ನೋಡಲು ಹೋದವನು ಈ ಸಲ ಬುತ್ತಿ ಕಟ್ಟಿಕೊಂಡೇ ಹೋದೆ. ಅಡುಗೆಮನೆ, ಪಂಕ್ತಿಯ ಜಾಗ, ಕಂಬಗಳು, ಎಲ್ಲವನ್ನೂ ಹನ್ನೆರಡರೊಳಗೆ ನೋಡಿ ಮುಗಿಸಿ, ಆಮೇಲೆ ಒಂದು ಕುರ್ಚಿ ಹಾಕಿಕೊಂಡು ಸುಮ್ಮನೆ ಕುಳಿತೆ. ಹನ್ನೆರಡೂಕಾಲು ಆಯಿತು. ಬುತ್ತಿ ಬಿಚ್ಚಲಿಲ್ಲ. ಒಂದು ಗಂಟೆಯಾಯಿತು. ಕಾವಲುಗಾರ ಎರಡು ಸಲ ಸುಳಿದು ಹೋದವನು ಮೂರನೆಯ ಸಲ ತಡೆಯಲಾರದೆ, "ಯಾರಿಗೆ ಕಾಯಾಕತ್ತೀರಿ ಯಜಮಾನ್ರ?" ಎಂದ.

"ಗೊತ್ತಿಲ್ಲಪಾ. ಅದಕ್ಕ ಕಾಯಾಕತ್ತೀನಿ" ಎಂದೆ.

ಅವನು ನನ್ನಿಂದ ಎರಡು ಹೆಜ್ಜೆ ದೂರ ಸರಿದು ನಿಂತ. ಒಂದೂವರೆಗೆ ಕೈ ತೊಳೆಯಲೆಂದು ನಲ್ಲಿ ತಿರುಗಿಸಿದೆ. ನೀರು ಎರಡು ಸಲ ಗೊರಗೊರ ಎಂದು ನಿಂತೇಹೋಯಿತು. "ದಿನಾ ಹಿಂಗರೀ. ನಾಕಕ್ಕ ಬರತೈತಿ. ಕೇಳಿದ್ರ ಹೇಳತಿದ್ದೆ" ಎಂದ ಕಾವಲುಗಾರ. ಒಂದೂವರೆ ಎಂದರೆ ಮದುವೆಯ ದಿನ ಎರಡನೆಯ ಪಂಕ್ತಿ ಏಳುವ ಹೊತ್ತು. ಮುನ್ನೂರು ಜನರ ಎಂಜಲು ಕೈಗಳು ನನ್ನ ಕಣ್ಣ ಮುಂದೆ ಬಂದವು. ಆ ಒಣ ನಲ್ಲಿಯನ್ನು ನೋಡಿ ನನಗಾದಷ್ಟು ಸಂತೋಷ ಬೇರೆ ಯಾರಿಗೂ ಆಗಿರಲಾರದು. ಹಂಡೆಗಳನ್ನು ಮೊದಲೇ ತುಂಬಿಸಿಡುವುದು ಎಂದು ಬರೆದುಕೊಂಡೆ. ತಡೆಯಲಾರದೆ ಅಲ್ಲಿಂದಲೇ ಶಾಂತವ್ವನವರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

"ಶಾಣ್ಯಾ ಆದ್ರಿ ನೋಡ್ರಿ ಅಣ್ಣಾರ!" ಎಂದರು ಅವರು. "ಅಂದಂಗ, ಚಪ್ಪಲ್ ಎಲ್ಲೆ ಬಿಟ್ಟೀರಿ?"

ನಾನು ಬಾಗಿಲ ಕಡೆ ತಿರುಗಿ ನೋಡಿದೆ. ಮೆಟ್ಟಿಲ ಮೇಲೆ, ಮುಖ ರಸ್ತೆಯ ಕಡೆ ಮಾಡಿ, ಅಂಚಿಗೆ ಸರಿಯಾಗಿ ಜೋಡಿಸಿ ಇಟ್ಟಿದ್ದೆ. ಕಂದು ಬಣ್ಣದ ನಾಯಿಯೊಂದು ಬಾಯಲ್ಲಿ ಏನನ್ನೋ ಕಚ್ಚಿಕೊಂಡು ಗೇಟು ದಾಟುತ್ತಿತ್ತು. ಅದಕ್ಕೆ ಏನೂ ಅವಸರವಿದ್ದಂತೆ ಕಾಣಲಿಲ್ಲ.

"ಒಂದು ಇಲ್ಲೇ ಐತ್ರಿ" ಎಂದೆ.